ಮೊದಲ ಸೌಟು

ಹೆಡ್ ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ನಳಕ್ಕೆ ನೀರು ಬಂದ ದಿನ. ನಮ್ಮ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಉಳಿದ ಕೆಲಸವೆಲ್ಲ ಪಕ್ಕಕ್ಕೆ ಸರಿಯಬೇಕು. ಎದುರು ಮನೆಯ ಖಾತೂನಬಿ ಪೈಪು ಹಿಡಿದುಕೊಂಡೇ ಹೇಳಿದಳು.

"ಯಮ್ಮಾ, ನಿಮ್ಮ ಹುಡುಗಿ ಸಾಲಿ ಹೆಡ್ ಅಕ್ಕೋರು ಹೋದ್ರಂತ. ಧಾರವಾಡದಾಗ. ನಿನ್ನೆ ಮುಂಜಾನೆ."

"ಹೌದಾ," ಅಂದೆ.

ಕೊಡ ತುಂಬುತ್ತಿತ್ತು. ನೀರು ಹಿಡಿದು ಮುಗಿಸಿ ಅತ್ತರಾಯಿತು ಅಂದುಕೊಂಡೆ. ಕೊಡ, ಬಕೆಟ್ಟು, ಬ್ಯಾರಲ್ಲು ಎಲ್ಲ ತುಂಬಿ, ಪೈಪು ಸುತ್ತಿಟ್ಟು ಹೊಸ್ತಿಲ ಮೇಲೆ ಕೂತೆ. ಅಳು ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಒಲೆ ಹೊತ್ತಿಸಿದೆ. ಆ ಅಳು ಇವತ್ತಿಗೂ ಬಂದಿಲ್ಲ.

ಶಾಲೆಯಲ್ಲಿ ಅವರ ಫೋಟೋ ಇಟ್ಟು ಹಾರ ಹಾಕಿ ಎಲ್ಲರೂ ಮಾತಾಡಿದರಂತೆ. ದೇವತೆ ಅಂದರಂತೆ, ತಾಯಿ ಅಂದರಂತೆ. ನನಗೆ ಅವರು ಅವೆರಡೂ ಅಲ್ಲ. ಬಾಯಿ ಜೋರು, ಕೈ ಬಿಗಿ, ಬೇಡುವುದರಲ್ಲಿ ನಾಚಿಕೆ ಇಲ್ಲದ ಹೆಂಗಸು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆದದ್ದನ್ನು ಮೊಮ್ಮಗಳು ತಿದ್ದುತ್ತಾಳೆ. ತಿದ್ದುವಾಗ ಅಕ್ಷರ ಮಾತ್ರ ತಿದ್ದು, ಮಾತು ತಿದ್ದಬೇಡ ಅಂತ ಹೇಳಿದ್ದೇನೆ.

ಮೊಮ್ಮಗಳ ಹೆಸರು ಕಾವೇರಿ. ನನ್ನ ಮಗಳ ಮಗಳು. ಮಗಳು ಗಬ್ಬೂರ ಬೈಪಾಸಿನ ಕಡೆ ಬಟ್ಟೆ ಕಾರ್ಖಾನೆಗೆ ಹೋಗುತ್ತಾಳೆ, ಅಳಿಯ ಟಂಟಂ ಓಡಿಸುತ್ತಾನೆ. ಹುಡುಗಿ ಎರಡನೇ ಇಯತ್ತೆಯಲ್ಲಿದ್ದಾಗ ಬತ್ತುತ್ತಾ ಬಂತು. ಎಷ್ಟು ನೀರು ಕುಡಿದರೂ ಸಾಲದು, ಗಳಿಗೆಗೊಮ್ಮೆ ಒಂದಕ್ಕೆ ಓಡುವುದು. ದೃಷ್ಟಿ ತೆಗೆದೆವು, ತಾಯತ ಕಟ್ಟಿಸಿದೆವು. ಒಂದು ದಿನ ಮಾತು ನಿಂತಿತು. ದೊಡ್ಡಾಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಅಂದರು. ಮುದುಕರಿಗೆ ಬರುವುದು ಮಗುವಿಗೆ ಹೆಂಗೆ ಅಂತ ಕೇಳಿದೆ. ಇದು ಬೇರೆ ಜಾತಿಯದು, ಗುಳಿಗೆ ನಡೆಯುವುದಿಲ್ಲ, ಬದುಕಿರುವ ತನಕ ಊಟಕ್ಕೆ ಮೊದಲು ಸೂಜಿ ಬೇಕು ಅಂದರು. ನರ್ಸು ಕಿತ್ತಳೆ ಹಣ್ಣಿಗೆ ಚುಚ್ಚಿಸಿ ನನಗೆ ಕಲಿಸಿದಳು. ಮಗಳ ಕೈ ನಡುಗುತ್ತಿತ್ತು, ನನ್ನದು ನಡುಗಲಿಲ್ಲ. ಅದಕ್ಕೇ ಆ ಕೆಲಸ ನನ್ನ ಪಾಲಿಗೆ ಬಂತು.

ಓದುತ್ತಿದ್ದ ಇಂಗ್ಲಿಷ್ ಶಾಲೆಯವರು, ಈ ಜವಾಬ್ದಾರಿ ನಮ್ಮಿಂದ ಆಗುವುದಿಲ್ಲ, ಬೇರೆ ಕಡೆ ನೋಡಿ ಅಂದರು. ಮತ್ತೊಂದು ಕಡೆ ಕೇಳಿದೆವು, ಅವರೂ ಒಲ್ಲೆ ಅಂದರು. ಕೊನೆಗೆ ನಮ್ಮ ಓಣಿಯ ಹಿಂದಿನ ಸರ್ಕಾರಿ ಕನ್ನಡ ಶಾಲೆಗೆ ಹುಡುಗಿಯ ಕೈ ಹಿಡಿದು ಹೋದೆ.

ಹೆಡ್ ಅಕ್ಕೋರು ಆಗ ಕುರ್ಚಿಯ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಕುಳ್ಳಗಿನ ಹೆಂಗಸು, ಸೀರೆ ಮೊಣಕಾಲಿಗೆ ಏರಿತ್ತು. ಇಳಿಯದೆ ಕೇಳಿದರು.

"ಈಕಿಗೆ ಏನಾಗೇದ?"

"ಸಕ್ಕರಿ ಬ್ಯಾನಿ ಐತ್ರಿ. ಮಧ್ಯಾಹ್ನ ಉಣ್ಣೂ ಮೊದಲ ಸೂಜಿ ಮಾಡಬೇಕ್ರಿ. ಎಲ್ಲಾ ಸಾಲ್ಯಾಗ ಒಲ್ಲೆ ಅಂದ್ರು."

"ನಾನೂ ಒಲ್ಲೆ ಅಂತೀನಿ," ಅಂದರು. "ನನ್ನ ಕಡೆ ನರ್ಸ್ ಇಲ್ಲ, ಫ್ರಿಜ್ ಇಲ್ಲ. ಟಿಂಚರ್ ಬಾಟ್ಲಿ ಒಂದಿತ್ತು, ಅದೂ ಖಾಲಿ. ಏನರ ಆದ್ರ ನನ್ನ ಕೊಳ್ಳಿಗೆ ಬರ್ತದ."

ನಾನು ತಿರುಗಿ ಹೊರಟೆ. ಇಂಥ ಮಾತು ಕೇಳಿ ರೂಢಿಯಾಗಿತ್ತು.

"ಎಲ್ಲಿಗೆ ಹೊಂಟ್ರಿ? ನೀವು ಏನ್ ಕೆಲಸಾ ಮಾಡ್ತೀರಿ?"

"ಕೌದಿ ಹೊಲೀತೇನ್ರಿ." ಹಳೇ ಸೀರೆ, ಹಳೇ ಧೋತರ ಪದರ ಪದರ ಹಾಕಿ ಹೊಲಿದು ಹೊದಿಕೆ ಮಾಡುವುದು ನನ್ನ ಕಸುಬು.

"ಕೌದಿ ಮನ್ಯಾಗ ಹೊಲದ್ರೂ ಕೌದಿ, ಸಾಲಿ ಕಟ್ಟಿ ಮ್ಯಾಲ ಹೊಲದ್ರೂ ಕೌದಿ. ದಿನಾ ಬಂದು ಇಲ್ಲೇ ಕೂಡ್ರಿ. ಸೂಜಿ ನೀವ ಮಾಡ್ರಿ, ನಾ ಮುಟ್ಟೂದಿಲ್ಲ. ಹುಡುಗಿ ಹೆಸರು ಹೇಳ್ರಿ."

ಹೆಸರು ಬರೆಸುವ ಮೊದಲು ನಾನೂ ಒಂದು ಮಾತು ಹೇಳಿದೆ. ಈ ಕಾಯಿಲೆಯ ವಿಷಯ ನಮ್ಮ ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂ ಬಾರದು ಅಂದೆ. "ಹೆಣ್ಣ ಹುಡುಗಿ ಅದಾಳ್ರಿ. ನಾಳೆ ಯಾರ ಕೇಳ್ತಾರ ಈಕಿನ್ನ?"

"ಈಗಿನ್ನೂ ಮೂರನೇ ಇಯತ್ತೆ ಅದಾಳ."

"ಮಂದಿ ಈಗಿಂದ ನೆನಪಿಟ್ಟಿರ್ತಾರ್ರಿ."

ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಆತು, ಹೇಳೂದಿಲ್ಲ," ಅಂದರು. ಆಮೇಲೆ ಮತ್ತೆ ಕುರ್ಚಿ ಹತ್ತಿ ಮೊಳೆ ಹೊಡೆದರು.

ಕೊಟ್ಟ ಮಾತಿಗೆ ತಕ್ಕಂತೆ ಸುಳ್ಳು ಹೇಳುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಔಷಧ ತಂಪಾಗಿರಬೇಕು, ಫ್ರಿಜ್ ಇಲ್ಲ. ಕುಂಬಾರರ ಹತ್ತಿರ ಹೋಗಿ ಒಂದು ದೊಡ್ಡ ಗಡಿಗೆ, ಒಂದು ಸಣ್ಣ ಗಡಿಗೆ ಬೇಡಿ ತಂದರು. ದೊಡ್ಡದರಲ್ಲಿ ಹಸಿ ಮರಳು ತುಂಬಿ ಸಣ್ಣದನ್ನು ಅದರೊಳಗೆ ಕೂರಿಸಿ, ಅದರಲ್ಲಿ ಔಷಧದ ಬಾಟಲಿ ಇಟ್ಟು ತಟ್ಟೆ ಮುಚ್ಚಿದರು. ಅದು ತಮ್ಮ ಮಂಡಿ ನೋವಿನ ಕಷಾಯ, ಯಾರೂ ಮುಟ್ಟಬೇಡಿ ಅಂತ ಉಳಿದ ಶಿಕ್ಷಕರಿಗೆ ಹೇಳಿದರು. ನಾನು ಯಾಕೆ ದಿನಾ ಕಟ್ಟೆಯ ಮೇಲೆ ಕೂತಿರುತ್ತೇನೆ ಅಂತ ಗಣಿತದ ಸರ್ರು ಕೇಳಿದಾಗ, ಮೊಮ್ಮಗಳು ಅಜ್ಜಿಯನ್ನು ಬಿಟ್ಟಿರುವುದಿಲ್ಲ, ಭಾಳ ಅಚ್ಛಾ ಮಾಡಿ, ಮುದ್ದು ಮಾಡಿ ಕೆಡಿಸಿದ್ದಾರೆ ಅಂದರು. ಆ ಸರ್ರು ಆಮೇಲೆ ನನ್ನನ್ನು ನೋಡಿದಾಗಲೆಲ್ಲ ತಲೆ ಅಲ್ಲಾಡಿಸುತ್ತಿದ್ದರು.

ಮಧ್ಯಾಹ್ನದ ಊಟ ಆ ಶಾಲೆಯಲ್ಲಿ ಮಾಡುವುದಿಲ್ಲ. ಊರಾಚೆಯ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತದೆ. ವ್ಯಾನು ಬಂದು ಸ್ಟೀಲಿನ ಡಬರಿಗಳನ್ನು ವರಾಂಡದಲ್ಲಿ ಇಳಿಸಿದ ಮೇಲೆಯೇ ನಾನು ಸೂಜಿ ಮಾಡಬೇಕು. ಅದಕ್ಕೆ ಮೊದಲು ಕೂಡದು, ವ್ಯಾನು ಬರುವುದು ಬಿಡುವುದು ರಸ್ತೆಯ ಕೈಯಲ್ಲಿದೆ. ಇದು ಹೆಡ್ ಅಕ್ಕೋರ ಕಟ್ಟಪ್ಪಣೆ. ಡಬರಿ ಇಳಿದದ್ದು ಕಂಡರೆ ಹುಡುಗಿ ಆಫೀಸು ಕೋಣೆಗೆ ಬರುತ್ತಿದ್ದಳು, ನಾನು ಬಾಗಿಲು ಮುಂದೆ ಮಾಡುತ್ತಿದ್ದೆ. ಅಕ್ಕೋರು ಕೋಣೆ ಬಿಟ್ಟು ಹೋಗುತ್ತಿರಲಿಲ್ಲ, ಆದರೆ ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ನಕಾಶೆ ನೋಡುತ್ತಾ ನಿಲ್ಲುತ್ತಿದ್ದರು. ಸೂಜಿ ಕಂಡರೆ ಅವರಿಗೆ ಕಣ್ಣು ಕತ್ತಲೆ ಬರುತ್ತಿತ್ತು. "ಆತೇನು?" ಅನ್ನುವರು. "ಆತ್ರಿ," ಅನ್ನುವೆ. ಅರ್ಧ ತಾಸಿನ ಮೇಲೆ ಊಟದ ಗಂಟೆ.

ಶಾಲೆಗೆ ಸರ್ಕಾರದ ದುಡ್ಡು ಬರುತ್ತದೆ ಅನ್ನುವ ಮಾತು ನಾನು ಅಲ್ಲಿ ಕೂತಷ್ಟು ವರ್ಷವೂ ಕೇಳಿದೆ. ಬರುವ ಹೊತ್ತಿಗೆ ವರ್ಷ ಮುಗಿಯಲು ಬಂದಿರುತ್ತಿತ್ತು, ಬಂದದ್ದು ಹಿಂದಿನ ಬಾಕಿಗೆ ಹೋಗುತ್ತಿತ್ತು. ಒಂದು ಸಲ ಬಿಲ್ಲು ಕಟ್ಟಲಿಲ್ಲ ಅಂತ ಕರೆಂಟಿನವರು ಬಂದು ವೈರು ಬಿಚ್ಚಿ ಹೋದರು. ಅಕ್ಕೋರು ಅವರಿಗೆ ಚಹಾ ಕೊಟ್ಟು, ಬಿಚ್ಚಿದ ವೈರು ಇಲ್ಲೇ ಬಿಟ್ಟು ಹೋಗಿ, ಬಟ್ಟೆ ಒಣಗಿಸಲು ಆಗುತ್ತದೆ ಅಂದರು. ಅವರು ಬಿಟ್ಟು ಹೋಗಲಿಲ್ಲ.

ಹೀಗಾಗಿ ಬೇಡುವುದು. ಸಂಜೆ ಶಾಲೆ ಬಿಟ್ಟ ಮೇಲೆ ಪೇಟೆಗೆ ಹೊರಟರೆ ಅಂಗಡಿಯವರು ದೂರದಿಂದಲೇ ಗುರುತು ಹಿಡಿಯುತ್ತಿದ್ದರು. ರೊಕ್ಕ ಮಾತ್ರ ಎಂದೂ ಕೇಳಲಿಲ್ಲ. "ರೊಕ್ಕ ಬ್ಯಾಡ್ರಿ, ರೊಕ್ಕ ಕೊಟ್ರ ನೀವು ನನ್ನ ಮ್ಯಾಲ ಸಂಶಯ ಪಡ್ತೀರಿ. ಒಂದು ಚಿಲಕಾ ಕೊಡ್ರಿ." ಪಿಂಜಾರ ಕಾಕಾನ ಹತ್ತಿರ ಹತ್ತಿ ತಂದು ಗಾಯಕ್ಕೆ ಇಟ್ಟರು. ಮಂಟಪದವನ ಹತ್ತಿರ ಹರಿದ ಶಾಮಿಯಾನ ತಂದು ಕಿಟಕಿಗೆ ಕಟ್ಟಿದರು. ಒಂದು ಔಷಧ ಅಂಗಡಿಯವನು ಇವರನ್ನು ಕಂಡರೆ ಊಟಕ್ಕೆ ಹೋಗಿದ್ದೇನೆ ಅಂತ ಒಳಗಿಂದ ತಾನೇ ಕೂಗುತ್ತಿದ್ದನಂತೆ. ಇವರು ಅವನು ಉಣ್ಣುವ ತನಕ ಅಂಗಡಿಯ ಮುಂದೆ ಕೂತು ಟಿಂಚರ್ ತೆಗೆದುಕೊಂಡೇ ಬಂದರು.

ಕೊಟ್ಟವರ ಹೆಸರು ಕೊಟ್ಟ ವಸ್ತುವಿನ ಮೇಲೆ ಬರೆಯಬೇಕು. ಅದು ಇಲ್ಲಿನ ಪದ್ಧತಿ, ಬರೆಯದಿದ್ದರೆ ಮುಂದಿನ ಸಲ ಕೊಡುವುದಿಲ್ಲ. ಫ್ಯಾನಿನ ರೆಕ್ಕೆ, ಬೆಂಚಿನ ಬೆನ್ನು, ಗಡಿಯಾರದ ಮುಖ, ಉಣ್ಣುವ ತಟ್ಟೆಯ ತಳ, ಎಲ್ಲದರ ಮೇಲೂ ಯಾರೋ ಸತ್ತವರ ಹೆಸರು. ಕಾವೇರಿ ಕೂಡಿಸಿಕೊಂಡು ಓದಿದ ಮೊದಲ ಉದ್ದ ಶಬ್ದ ಸ್ಮರಣಾರ್ಥ.

ಮಕ್ಕಳ ಮೈಯ ಮೇಲೆ ಮಾತ್ರ ಅವರ ಕಣ್ಣು ಸದಾ ಇರುತ್ತಿತ್ತು. ಪ್ರಾರ್ಥನೆ ಹೊತ್ತಿಗೆ ಸಾಲುಗಳ ನಡುವೆ ನಡೆಯುತ್ತಾ ಕಣ್ಣಿನ ರೆಪ್ಪೆ ಎಳೆದು ನೋಡುವರು, ಉಗುರು ನೋಡುವರು. ಪ್ರೀತಿಯಿಂದ ಅಲ್ಲ, ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ. ಒಬ್ಬ ಹುಡುಗ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಸೊಕ್ಕು ಅಂತ ಗಣಿತದ ಸರ್ರು ದಿನಾ ಹೊಡೆಯುತ್ತಿದ್ದರು. ಅಕ್ಕೋರು ಅವನ ಹಿಂದೆ ಹೋಗಿ ತಟ್ಟೆಯನ್ನು ನೆಲಕ್ಕೆ ಒಗೆದರು. ಇಡೀ ವರಾಂಡ ಬೆಚ್ಚಿತು, ಹುಡುಗ ತಿರುಗಲಿಲ್ಲ. "ಸೊಕ್ಕಲ್ರಿ ಸರ, ಕಿವುಡು," ಅಂದು ತಟ್ಟೆ ಎತ್ತಿಕೊಂಡು ಹೋದರು. ಅವನಿಗೆ ಕಿವಿಯ ಮಿಷನ್ನು ಕೊಡಿಸಲು ಎರಡು ವರ್ಷ ಓಡಾಡಿದರು. ಸಿಗಲಿಲ್ಲ. ಮುಂದಿನ ಬೆಂಚಿನಲ್ಲಿ ಕೂರಿಸಿದರು, ಅಷ್ಟೇ ಆಯಿತು. ಎಲ್ಲ ಬೇಡಿಕೆಯೂ ಈಡೇರಿತು ಅಂತ ನಾನು ಬರೆಯುವುದಿಲ್ಲ.

ದೊಡ್ಡ ತೊಂದರೆ ಸಂಡಾಸದ್ದು. ಇತ್ತು, ಆದರೆ ನೀರಿರಲಿಲ್ಲ. ಮೇಲಿನ ನೀರಿನ ಟಾಕಿ ಸೀಳಿ ಹೋಗಿ ಎಷ್ಟೋ ವರ್ಷವಾಗಿತ್ತು. ನೀರಿಲ್ಲದ ಸಂಡಾಸಕ್ಕೆ ಬೀಗ. ಹುಡುಗರು ಕಂಪೌಂಡಿನ ಹಿಂದೆ ಹೋಗುವರು, ಹೆಣ್ಣುಮಕ್ಕಳು ಸಂಜೆ ತನಕ ತಡೆಯುವರು. ತಡೆಯಬೇಕು ಅಂತ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ನಮ್ಮ ಹುಡುಗಿಗೆ ಕುಡಿಯದೆ ಇರುವುದೂ ಆಗದು, ತಡೆಯುವುದೂ ಆಗದು. ನಾನು ಅವಳನ್ನು ಓಣಿ ದಾಟಿಸಿ ಮನೆಗೆ ಕರೆದುಕೊಂಡು ಹೋಗಿ ಬರುತ್ತಿದ್ದೆ. ಹೋಗಿ ಬರುವಷ್ಟರಲ್ಲಿ ಒಂದು ಪಾಠ ಹೋಗಿರುತ್ತಿತ್ತು.

ಅಕ್ಕೋರಿಗೆ ಅದೊಂದು ಹುಚ್ಚಾಯಿತು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. "ಸಂಡಾಸ ಒಂದ ಆದ್ರ ನಾ ಸುಮ್ನ ಹೋಗ್ತೀನಿ," ಅನ್ನುತ್ತಿದ್ದರು. ಕಬ್ಬಿಣದ ಅಂಗಡಿಯ ಒಬ್ಬ ಸಾವಕಾರರ ಬೆನ್ನು ಹತ್ತಿದರು. ಸಾವಕಾರರು ಕೊನೆಗೆ ಒಪ್ಪಿ ತಮ್ಮ ತಂದೆಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಹೊಸ ಸಂಡಾಸ ಕಟ್ಟಿಸಿದರು. ಕಲ್ಲಿನ ಮೇಲೆ ಹೆಸರು ಕೆತ್ತಿಸಿದ್ದೂ ಆಯಿತು. ಟಾಕಿ, ಮೋಟಾರು ಬಾಕಿ. ಉದ್ಘಾಟನೆಯ ಕಾರ್ಯಕ್ರಮ ಮಾಡಿರಿ, ಅದಾದ ಮೇಲೆ ಕಳಿಸುತ್ತೇನೆ ಅಂದರು.

ಕಾವೇರಿ ಆಗ ಆರನೇ ಇಯತ್ತೆ. ಕಾರ್ಯಕ್ರಮದ ದಿನ ಶಾಮಿಯಾನ ಹಾಕಿದರು, ಮೈಕು ತಂದರು. ಸಾವಕಾರರ ಕಡೆಯಿಂದ ಗೋಧಿ ಹುಗ್ಗಿ ಬಂತು. ಮುಖ್ಯ ಅತಿಥಿಗಳು ಧಾರವಾಡದಿಂದ ಬರುವ ದೊಡ್ಡ ಮನುಷ್ಯರು. ಅವರು ಮಕ್ಕಳ ತಟ್ಟೆಗೆ ಮೊದಲ ಸೌಟು ಹುಗ್ಗಿ ಬಡಿಸಬೇಕು, ಅದರ ಫೋಟೋ ಆಗಬೇಕು, ಆಮೇಲೆ ಊಟ. ಅಲ್ಲಿಯ ತನಕ ಹುಗ್ಗಿಯ ಡಬರಿಗೆ ಮುಚ್ಚಳ, ಮುಚ್ಚಳದ ಮೇಲೆ ಚೆಂಡು ಹೂವಿನ ಹಾರ.

"ಊಟದ ಹೊತ್ತಿನೊಳಗ ಎಲ್ಲಾ ಮುಗೀತದ ಕೌದ್ಯವ್ವಾ. ನಿಮ್ಮ ಕೆಲಸಾ ನೀವು ದಿನದ ಹಂಗ ಮಾಡ್ರಿ," ಅಂತ ಅಕ್ಕೋರು ಮುಂಜಾನೆಯೇ ಹೇಳಿದ್ದರು. ನನ್ನನ್ನು ಕೌದ್ಯವ್ವ ಅಂತಲೇ ಕರೆಯುತ್ತಿದ್ದರು.

ಅತಿಥಿಗಳು ಹೇಳಿದ ಹೊತ್ತಿಗೆ ಬರಲಿಲ್ಲ. ಊಟದ ವ್ಯಾನು ಮಾತ್ರ ಬಂತು. ಡಬರಿ ಇಳಿಸಿದರು. ನಾನು ದಿನದ ಹಾಗೆ ಸೂಜಿ ಮಾಡಿದೆ. ಆ ದಿನ ಅಕ್ಕೋರು ಕೋಣೆಯಲ್ಲಿ ಇರಲಿಲ್ಲ, ಗೇಟಿನ ಹತ್ತಿರ ದಾರಿ ಕಾಯುತ್ತಿದ್ದರು. ಅದೇ ಹೊತ್ತಿಗೆ ಅತಿಥಿಗಳ ಕಾರು ಬಂತು. ಗಂಟೆ ಹೊಡೆದು ಮಕ್ಕಳನ್ನೆಲ್ಲ ಶಾಮಿಯಾನದ ಕೆಳಗೆ ಕೂರಿಸಿದರು. ಕಾವೇರಿಯನ್ನು ಅವಳ ವರ್ಗದ ಹುಡುಗಿಯರು ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಸಾವಕಾರರ ತಂದೆಯ ಗುಣಗಾನ ಶುರುವಾಯಿತು. ನಾನು ವರಾಂಡದಲ್ಲಿದ್ದೆ, ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಗಣಿತದ ಸರ್ರು ಕಂಬಕ್ಕೆ ಒರಗಿ ನಿಂತಿದ್ದರು.

"ಸರ, ನಮ್ಮ ಹುಡುಗಿಗೆ ಊಟಾ ಕೊಡಬೇಕ್ರಿ."

"ಎಲ್ಲಾರಿಗೂ ಹಸಿವಾಗೇತಿ ಅಜ್ಜಿ. ನಿಮ್ಮಾಕಿ ಒಬ್ಬಾಕೀನ ಹಸದಾಳೇನು?"

"ಹಂಗಲ್ರಿ, ಆಕಿಗೆ ಲಗೂ ಬೇಕ್ರಿ."

"ಅತಿಥಿಗಳು ಮೊದಲ ಸೌಟು ಹಾಕಲಿ. ನೀವ ಆಕಿನ್ನ ಹಿಂಗ ಮುದ್ದು ಮಾಡಿ ಕೆಡಿಸೀರಿ ನೋಡ್ರಿ."

ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತ ನಾವೇ ಮಾಡಿದ್ದೆವು. ಸೂಜಿಯಿಂದ ಸಕ್ಕರೆ ತೀರಾ ಇಳಿದರೆ ಕೊಡಲು ಅಂತ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದ ಬೆಲ್ಲ ಬಿಚ್ಚುತ್ತಾ ನಾನು ಮಕ್ಕಳ ಸಾಲು ದಾಟಿಕೊಂಡು ನಡೆದೆ. ಫೋಟೋದವನು ಅಡ್ಡ ಬಂದು, ಸರೀರಿ ಯಮ್ಮಾ, ಫ್ರೇಮಿನಲ್ಲಿ ಬರುತ್ತೀರಿ ಅಂದ. ಆಗ ಹುಡುಗಿಯ ಜಡೆ ಒಂದು ಕಡೆ ವಾಲಿತು. ಪಕ್ಕದವಳು ನಗುತ್ತಾ ಅವಳನ್ನು ನೆಟ್ಟಗೆ ದೂಡಿದಳು, ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡು. ಮತ್ತೆ ವಾಲಿತು.

ಹೆಡ್ ಅಕ್ಕೋರು ವೇದಿಕೆಯ ಮೇಲೆ ಕೂತಿದ್ದರು. ನೋಡಿದರು. ಭಾಷಣ ನಡೆದಿರುವಾಗಲೇ ಎದ್ದು, ಅತಿಥಿಗಳ ಮುಂದೆ ಹಾದು, ವೇದಿಕೆಯಿಂದ ಧುಮುಕಿದರು ಅಂತಲೇ ಹೇಳಬೇಕು. ಡಬರಿಯ ಹಾರ ಕಿತ್ತು ಕೆಳಗೆ ಹಾಕಿ ಮುಚ್ಚಳ ತೆಗೆದರು.

ಸಾವಕಾರರ ಮಗ ಓಡಿ ಬಂದ. "ಅಕ್ಕೋರ, ಅತಿಥಿಗಳು ಇನ್ನೂ..."

"ಅತಿಥಿಗಳು ಉಂಡು ಬಂದಾರ," ಅಂದರು.

ಸೌಟಿನ ತುಂಬ ಹುಗ್ಗಿ ತೆಗೆದುಕೊಂಡು ಹುಡುಗಿಯ ಹತ್ತಿರ ಕೂತರು. ಅವಳ ಅಂಗಿ ಬೆವರಿನಿಂದ ಒದ್ದೆ, ಕಣ್ಣು ತೆರೆದಿದ್ದರೂ ನೋಟ ಇರಲಿಲ್ಲ. ಹುಗ್ಗಿಯ ಬೆಲ್ಲದ ರಸವನ್ನು ಬೆರಳಿನಿಂದ ಅವಳ ಗಲ್ಲದ ಒಳಗೆ ಸವರಿದರು. ಮತ್ತೆ ಸವರಿದರು. ನಾನು ಹೋಗಿ ತಲೆ ಹಿಡಿದುಕೊಂಡೆ. ಮೈಕಿನ ಮುಂದಿನವರು ಮಾತು ನಿಲ್ಲಿಸಿದ್ದರು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಹುಡುಗಿ ನುಂಗಿದಳು. ಆಮೇಲೆ, "ಅಜ್ಜಿ, ಕೈ ಅಂಟಾಗೇತಿ," ಅಂದಳು.

ಅಲ್ಲಿಗೆ ಬಿಟ್ಟಿದ್ದರೆ ಹುಡುಗಿ ಹಸಿದು ತಲೆ ತಿರುಗಿ ಬಿದ್ದಳು ಅಂತ ಮಂದಿ ಮರೆಯುತ್ತಿದ್ದರು. ಅಕ್ಕೋರು ಬಿಡಲಿಲ್ಲ. ಅದೇ ಜಿಗುಟು ಕೈಯಲ್ಲಿ ಮೈಕು ಹಿಡಿದರು.

"ಈ ಹುಡುಗಿಗೆ ಸಕ್ಕರಿ ಬ್ಯಾನಿ ಅದ. ದಿನಾ ಸೂಜಿ ತಗೋತಾಳ. ಸೂಜಿ ಆದ ಮ್ಯಾಲ ಊಟಾ ತಡಾ ಆದ್ರ ಜೀವಕ್ಕ ಬರ್ತದ. ಇವತ್ತ ನಾ ತಡಾ ಮಾಡಿದೆ. ಇದು ಅಂಟೂ ಬ್ಯಾನಿ ಅಲ್ಲ. ಇಲ್ಲಿ ಕೂತವರೆಲ್ಲಾರಿಗೂ ಇವತ್ತಿಂದ ಗೊತ್ತಿರಲಿ. ಈಗ ಎಲ್ಲಾ ಮಕ್ಕಳು ತಾಟು ತಗೋರಿ."

ಅವ್ವಂದಿರೆಲ್ಲ ಬಂದಿದ್ದರು. ಇಡೀ ಓಣಿ ಅಲ್ಲಿತ್ತು. ನಾನು ಹುಡುಗಿಗೆ ಊಟ ಮಾಡಿಸಿ, ಕೈ ತೊಳೆಸಿ, ಕೌದಿ ಮಡಚಿಕೊಂಡು ಮನೆಗೆ ಹೋದೆ. ಅಕ್ಕೋರ ಮುಖ ನೋಡಲಿಲ್ಲ.

ನಾನು ಹೆದರಿದ್ದೆಲ್ಲ ಆಯಿತು. ಒಂದಿಬ್ಬರು ತಮ್ಮ ಮಕ್ಕಳಿಗೆ ಅವಳ ತಾಟಿನಲ್ಲಿ ಉಣ್ಣಬೇಡಿ ಅಂದರು. ಅಳಿಯನ ಅಕ್ಕ ಒಬ್ಬಳಿದ್ದಾಳೆ, ಅವಳಿಗೊಬ್ಬ ಮಗ, ಕಾವೇರಿಗೆ ಮದುವೆಗೆ ಆಗುವ ವರಸೆ. ಕಾವೇರಿ ತೊಟ್ಟಿಲಲ್ಲಿದ್ದಾಗಿನಿಂದ ಬಂದಾಗಲೆಲ್ಲ "ಎಲ್ಲದಾಳ ನನ್ನ ಸೊಸಿ?" ಅನ್ನುತ್ತಲೇ ಒಳಗೆ ಬರುವವಳು. ಆ ವಾರ ಬಂದಳು, ಚಹಾ ಕುಡಿದಳು, "ಕಾವೇರಿ ಹುಷಾರದಾಳೇನ?" ಅಂದಳು. ಆವತ್ತಿನಿಂದ ಹೆಸರು ಹಿಡಿದೇ ಕರೆಯುತ್ತಾಳೆ. ಮಗಳು ಆ ರಾತ್ರಿ ಊಟ ಮಾಡಲಿಲ್ಲ. ಅಳಿಯ ದಾಖಲೆ ಕಿತ್ತು ತರುತ್ತೇನೆ, ಬೇರೆ ಶಾಲೆಗೆ ಹಾಕುತ್ತೇನೆ ಅಂದ. ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಂಡೆವು.

ಕೆಲವು ದಿನ ಬಿಟ್ಟು ಒಂದು ಸಂಜೆ ಅಕ್ಕೋರು ಬಂದರು. ಯಾರೂ ಒಳಗೆ ಬನ್ನಿ ಅನ್ನಲಿಲ್ಲ. ತಾವೇ ಹೊಸ್ತಿಲ ಹತ್ತಿರ ಕೂತು, ನೀರು ಕೊಡಿ ಅಂತ ಕೇಳಿ ಕುಡಿದರು.

"ನೀವು ಮಾತ ಕೊಟ್ಟಿದ್ರಿ," ಅಂದೆ.

"ಕೊಟ್ಟಿದ್ದೆ. ಮುರದೀನಿ."

"ನಿಮ್ಮ ಸಂಡಾಸಕ್ಕ ನಮ್ಮ ಹುಡುಗಿ ಬಾಳೇವು ಹಾಳ ಮಾಡಿದ್ರಿ."

"ಸಂಡಾಸನೂ ಹೋತ್ರಿ," ಅಂದರು. "ಸಾವಕಾರರಿಗೆ ಅವಮಾನ ಆಗೇದಂತ. ಟಾಕಿ ಕಳಸೂದಿಲ್ಲ ಅಂದಾರ."

ಅಳಿಯ ಒಳಗಿನಿಂದ ದಾಖಲೆಯ ಮಾತು ತೆಗೆದ. ಅಕ್ಕೋರು ಅವನ ಕಡೆ ತಿರುಗಲಿಲ್ಲ, ನನಗೇ ಹೇಳಿದರು.

"ಕೌದ್ಯವ್ವಾ, ಅವತ್ತ ನಾ ಮರತೆ. ಇಷ್ಟ ವರ್ಷ ಮರತಿರಲಿಲ್ಲ, ಅವತ್ತ ಟಾಕಿ ಗುಂಗಿನ್ಯಾಗ ಮರತೆ. ನನಗ ನೆನಪ ಮಾಡಿ ಕೊಡವ್ರು ಯಾರಿದ್ರು? ಸರ್ರಿಗೆ ಗೊತ್ತಿರಲಿಲ್ಲ, ಬಾಜೂಕ ಕೂತ ಹುಡುಗಿಗೆ ಗೊತ್ತಿರಲಿಲ್ಲ. ಆಕಿ ವಾಲಿದ್ರ ಅದು ನಕ್ಕೋತ ದೂಡ್ತು. ಮುಂದಿನ ವರ್ಷ ನಾ ಇರೂದಿಲ್ಲ. ನೀವೂ ಎಲ್ಲಾ ಕಾಲಕ್ಕ ಕಟ್ಟಿ ಮ್ಯಾಲ ಕೂಡೂದಿಲ್ಲ."

ನಾನು ದೀಪ ಹಚ್ಚಲು ಎದ್ದೆ.

"ಸಿಟ್ಟ ಮಾಡ್ರಿ. ಹುಡುಗಿನ್ನ ಸಾಲಿಗೆ ಕಳಸ್ರಿ. ಎರಡೂ ಕೂಡೇ ಮಾಡಬಹುದು," ಅಂದು ಎದ್ದು ಹೋದರು. ಕ್ಷಮಿಸಿ ಅನ್ನಲಿಲ್ಲ. ಲೋಟ ತೊಳೆದಿಟ್ಟು ಹೋಗಿದ್ದರು.

ಬೇರೆ ಎರಡು ಶಾಲೆ ಕೇಳಿದೆವು. ಅಲ್ಲಿಯೂ ಸುದ್ದಿ ಮುಟ್ಟಿತ್ತು. ಮತ್ತೆ ಅದೇ ಶಾಲೆಗೆ ಕಳಿಸಿದೆವು. ಅಕ್ಕೋರ ಮಾತಿಗೆ ಮನಸ್ಸು ಕರಗಿ ಅಲ್ಲ, ಬೇರೆ ದಾರಿ ಇರಲಿಲ್ಲ.

ಹೋದಾಗ ನೋಡಿದರೆ ಎಲ್ಲ ವರ್ಗದ ಬಾಗಿಲಿನ ಮೊಳೆಗೂ ಬಟ್ಟೆಯಲ್ಲಿ ಕಟ್ಟಿದ ಬೆಲ್ಲದ ಚೂರು ತೂಗುತ್ತಿತ್ತು. ಕಾವೇರಿ ಮಂಕಾದರೆ, ಬೆವತರೆ, ಸುಮ್ಮಸುಮ್ಮನೆ ಜಗಳ ತೆಗೆದರೆ ಮೊದಲು ಬೆಲ್ಲ ಬಾಯಿಗೆ, ಆಮೇಲೆ ಓಡಿ ಬಂದು ಹೇಳುವುದು ಅಂತ ಮಕ್ಕಳಿಗೆಲ್ಲ ಕಲಿಸಿದ್ದರು. ಅವಳು ಪೆನ್ಸಿಲ್ ಕೊಡುವುದಿಲ್ಲ ಅಂದರೂ ಮಕ್ಕಳು ಬೆಲ್ಲ ತಂದು ಬಾಯಿಗೆ ಇಡಲು ಶುರು ಮಾಡಿದರು. ಒಬ್ಬ ಹುಡುಗನಿಗೆ ದಿನಾ ಊಟಕ್ಕೆ ಮೊದಲು ತಲೆ ತಿರುಗಹತ್ತಿತು. ಅಕ್ಕೋರು ಅವನನ್ನು ನನ್ನ ಮುಂದೆ ತಂದು ನಿಲ್ಲಿಸಿ, "ಕೌದ್ಯವ್ವಾ, ಇವಂಗೂ ಅದ ಬ್ಯಾನಿ ಬಂದದ. ಬೆಲ್ಲಾ ಕೊಟ್ಟೀನಿ, ಸೂಜಿ ನೀವು ಮಾಡ್ರಿ," ಅಂದರು. ಅವನ ತಲೆ ನೆಟ್ಟಗಾಯಿತು. ಗಣಿತದ ಸರ್ರು ಸೂಜಿಯ ಹೊತ್ತಿಗೆ ತಾವೇ ಗಡಿಯಾರ ನೋಡಿ ನನ್ನನ್ನು ಕೂಗುವರು. ಬರಬರುತ್ತಾ ನಾನು ದಿನಾ ಹೋಗುವುದು ಬೇಕಿಲ್ಲದೆ ಹೋಯಿತು. ಹುಡುಗಿ ತಾನೇ ಚುಚ್ಚಿಕೊಳ್ಳಲು ಕಲಿತಳು.

ಟಾಕಿ ಬರಲೇ ಇಲ್ಲ. ಹೊಸ ಸಂಡಾಸ ಸಾವಕಾರರ ತಂದೆಯ ಹೆಸರು ಹೊತ್ತುಕೊಂಡು ಬೀಗ ಹಾಕಿಕೊಂಡು ನಿಂತಿತ್ತು. ಅಕ್ಕೋರು ಎಲ್ಲಿಂದಲೋ ಎಣ್ಣೆ ತುಂಬುವ ಎರಡು ನೀಲಿ ಬ್ಯಾರಲ್ಲು ಬೇಡಿ ತಂದರು, ನೀರು ಬಂದ ದಿನ ದೊಡ್ಡ ಹುಡುಗಿಯರ ಜೊತೆ ನಿಂತು ತುಂಬಿಸಿದರು. ಆ ನೀರಿಗೆ ಬಹಳ ದಿನ ಎಣ್ಣೆ ವಾಸನೆ ಇತ್ತು. ಬೀಗ ತೆಗೆದರು. ಅದೇ ಏಪ್ರಿಲ್‌ನಲ್ಲಿ ನಿವೃತ್ತಿ. ಬೀಳ್ಕೊಡುಗೆಗೆ ನನಗೂ ಹೇಳಿ ಕಳಿಸಿದ್ದರು. ನಾನು ಹೋಗಲಿಲ್ಲ.

ಅವರನ್ನು ಕಡೆಯ ಸಲ ನೋಡಿದ್ದು ಈ ಜೂನಿನಲ್ಲಿ, ಧಾರವಾಡದ ಬಸ್ಸಿನಲ್ಲಿ. ಕಾವೇರಿಗೆ ಅಲ್ಲಿನ ಕಾಲೇಜಿನಲ್ಲಿ ಪಿಯುಸಿಗೆ ಸೀಟು ಸಿಕ್ಕಿತ್ತು, ಹೆಸರು ಹಚ್ಚಲು ಇಬ್ಬರೂ ಹೊರಟಿದ್ದೆವು. ನವಲೂರ ಹತ್ತಿರ ಅಕ್ಕೋರು ಹತ್ತಿದರು. ಬಹಳ ಸೊರಗಿದ್ದರು, ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ಕಾವೇರಿ ಎದ್ದು ಜಾಗ ಕೊಟ್ಟು ಕಾಲು ಮುಟ್ಟಿದಳು. ನಾನು ಹ್ಞೂಂ ಅಂದೆ, ಅವರೂ ಹ್ಞೂಂ ಅಂದರು.

ದಾರಿಯಲ್ಲಿ ಬಸ್ಸು ನಿಂತುಬಿಟ್ಟಿತು, ಮುಂದೆ ಏನೋ ಅಡ್ಡಿಯಾಗಿತ್ತು. ಹುಡುಗಿ ಹೊತ್ತು ನೋಡಿಕೊಂಡಳು. ಚೀಲದಿಂದ ಸೂಜಿ ತೆಗೆದಳು. ಸುತ್ತ ಮಂದಿ ತುಂಬಿದ್ದರು, ತಡಿ, ಕಾಲೇಜಿಗೆ ಹೋದ ಮೇಲೆ ಮಾಡಿಕೊ ಅಂದೆ. ಅವಳು ಕೇಳಲಿಲ್ಲ. ನಿಂತಲ್ಲೇ ಕಂಬಕ್ಕೆ ಬೆನ್ನು ಕೊಟ್ಟು, ಅಂಗಿಯ ಅಂಚು ಸರಿಸಿ, ಹೊಟ್ಟೆಗೆ ಚುಚ್ಚಿಕೊಂಡಳು. ಎದುರು ಕೂತಿದ್ದ ಹೆಂಗಸು ಬಾಯಿ ತೆರೆದು ನೋಡಿದಳು.

"ಏನವಾ ಅದು?"

"ಸಕ್ಕರಿ ಬ್ಯಾನಿ ಐತ್ರಿ ನನಗ. ಇನ್ನ ಸ್ವಲ್ಪ ಹೊತ್ತಿಗೆ ಉಣ್ಣತೇನಿ. ನಾ ಏನರ ಮಂಕಾಗಿ ನಿಂತ್ರ ಈ ಚೀಲದಾಗ ಬೆಲ್ಲಾ ಐತಿ, ಬಾಯಾಗ ಹಾಕ್ರಿ."

"ಅಯ್ಯ, ಇಷ್ಟ ಸಣ್ಣಾಕಿಗೆ," ಅಂದಳು ಹೆಂಗಸು. ನನ್ನ ಕಡೆ ತಿರುಗಿ ದನಿ ಇಳಿಸಿದಳು. "ಹಿಂಗ ಮಂದ್ಯಾಗ ಹೇಳಿದ್ರ ಮುಂದ ಮದಿವಿ ಹೆಂಗ್ರಿ?"

ಬಸ್ಸಿನಲ್ಲಿ ಇದ್ದವರೆಲ್ಲ ಕೇಳಿಸಿಕೊಂಡರು. ನಾನು ಕಿಟಕಿಯ ಆಚೆ ನೋಡಿದೆ. ಕಾವೇರಿ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ಮೊದಲ ಉಣ್ಣತೇನ್ರಿ ಯಮ್ಮಾ, ತಡೀರಿ," ಅಂದಳು. ಒಂದಿಬ್ಬರು ನಕ್ಕರು. ಆ ಹೆಂಗಸು ನಗಲಿಲ್ಲ, ತಾನು ಪಕ್ಕಕ್ಕೆ ಸರಿದು ಹುಡುಗಿಗೆ ಕೂರಲು ಜಾಗ ಮಾಡಿ, ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಬಸ್ಸು ಹೊರಟಿತು. ಅಕ್ಕೋರು ತಮ್ಮ ನಿಲ್ದಾಣ ಬಂದಾಗ ಸೀಟಿನ ಹಿಡಿಕೆ ಹಿಡಿದು ಎದ್ದರು.

"ಸಿಟ್ಟ ಇನ್ನೂ ಅದ ಏನು, ಕೌದ್ಯವ್ವಾ?"

"ಐತ್ರಿ," ಅಂದೆ.

"ಇರಲಿ," ಅಂದರು. ಹುಡುಗಿ ಉಣ್ಣುವುದನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಕಂಡಕ್ಟರು ಲಗೂ ಇಳೀರಿ ಅಂತ ಕೂಗಿದ ಮೇಲೆ ಇಳಿದರು.